ಹೆಡೆ ಹೂವಿನ ಬುಡ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಕ್ಕ ಮಸ್ಕತ್ತಿಗೆ ಹೊರಟ ದಿನ ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಆದರೆ ಅವಳು ಹೊರಟದ್ದು ಮೇ ತಿಂಗಳ ಕೊನೆಗೆ, ಮತ್ತು ಆ ವರ್ಷ ಮಳೆ ತಡವಾಗಿ ಹಿಡಿಯಿತು ಎಂದು ಅವಳ ಎದುರು ಮನೆಯ ಮೋಹಿನಿ ಬಾಯಿ ಈಗಲೂ ಹೇಳುತ್ತಾರೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ದಿನಚರಿ ತೆಗೆದು ನೋಡಿದೆ. ಆ ಇಡೀ ವಾರಕ್ಕೆ ‘ಸೆಖೆ’ ಎಂದು ಒಂದೇ ಒಂದು ಪದ ಬರೆದಿದ್ದೇನೆ. ಆಮೇಲೆ ಬಂದ ಮಳೆಯನ್ನು ಒಯ್ದು ಆ ದಿನದ ಮೇಲೆ ಸುರಿದವಳು ಬಹುಶಃ ನಾನೇ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ವಾಸನೆ. ಹೋದ ವಾರ ಭಟ್ಕಳದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಕಾಯುವ ಕೋಣೆಯಲ್ಲಿ ಕುಡಿಯುವ ನೀರಿನ ಕ್ಯಾನಿನ ಪಕ್ಕ ಒಂದು ಕುಂಡ. ಎಲೆಗಳೆಲ್ಲ ಅಂಚಿನಿಂದ ಆಚೆ ಜೋತುಬಿದ್ದಿದ್ದವು. ನೀರು ಕುಡಿದವರು ಲೋಟದಲ್ಲಿ ಉಳಿದದ್ದನ್ನು ಅದಕ್ಕೆ ಹೊಯ್ದು ಹೋಗಿ ಕೂರುತ್ತಿದ್ದರು. ಬಾಡಿದ್ದನ್ನು ಕಂಡು ಸುಮ್ಮನಿರುವುದು ಯಾರಿಂದಲೂ ಆಗುವುದಿಲ್ಲ. ನಾನು ಎದ್ದು ಹೋಗಿ ಕುಂಡವನ್ನು ಎರಡೂ ಕೈಯಿಂದ ಎತ್ತಿದೆ. ಭಾರವಿತ್ತು. ಬುಡದಿಂದ ಆ ಹುಳಿ ವಾಸನೆ ಬಂತು.

“ಎಂತ ಮೇಡಂ, ಎಂತಾದ್ರೂ ಬಿದ್ದು ಹೋಯ್ತಾ?” ಎಂದು ಚೀಟಿ ಬರೆಯುವ ಹುಡುಗಿ ಕೇಳಿದಳು.

“ಇಲ್ಲ. ಇದಕ್ಕೆ ಇನ್ನು ಸ್ವಲ್ಪ ದಿನ ಯಾರೂ ನೀರು ಹಾಕೂದು ಬೇಡ.”

“ಬಾಡಿದೆಯಲ್ಲ ಮೇಡಂ, ಪಾಪ.”

“ಅದಕ್ಕೇ ಹೇಳಿದ್ದು.”

ಹಲ್ಲುನೋವಿಗೆ ತಲೆಗೂ ಏನೋ ಆಗಿದೆ ಎಂದುಕೊಂಡಳೋ ಏನೋ. ನಾನು ವಾಪಸು ಬಂದು ಕುಳಿತೆ. ಬೆರಳಿನಲ್ಲಿ ಆ ವಾಸನೆ ಹಾಗೇ ಇತ್ತು.

ಅಕ್ಕ ಮಸ್ಕತ್ತಿಗೆ ಹೋದ ವರ್ಷ ನಾನು ಭಟ್ಕಳದ ಕಾಲೇಜಿಗೆ ಇತಿಹಾಸ ಕಲಿಸಲು ವರ್ಗವಾಗಿ ಬಂದು, ಅಲ್ಲೇ ಬಾಡಿಗೆ ಮನೆ ಹಿಡಿದಿದ್ದೆ. ಅದಕ್ಕೆ ಮೊದಲು ಓದು, ನೌಕರಿ ಎಲ್ಲ ಧಾರವಾಡದಲ್ಲಿ. ಆಯಿ, ನಮ್ಮ ಅಮ್ಮ, ತೀರಿಕೊಂಡದ್ದು ನಾನು ಅಲ್ಲಿರುವಾಗಲೇ. ಕ್ರಿಯೆಯ ದಿನಗಳು ಕಳೆದ ಮೇಲೆ ಕುಮಟೆಯ ಬಾಡಿಗೆ ಮನೆಯನ್ನು ಖಾಲಿ ಮಾಡಿದವಳು ಅಕ್ಕ. ನಾನು ಪರೀಕ್ಷೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಮನೆಗೆ ಬೇರೆಯವರ ಬೀಗ ಬಿದ್ದಿತ್ತು. ಪಾತ್ರೆ, ಬಟ್ಟೆ ಎಲ್ಲ ಹಂಚಿಹೋಗಿತ್ತು. ನನ್ನ ಪಾಲಿಗೆ ಎರಡು ಸೀರೆ ಬಂದವು. ಆಯಿ ಉಟ್ಟಿದ್ದನ್ನು ನಾನು ಕಂಡೇ ಇರದ ಸೀರೆಗಳು.

ಅಕ್ಕ ತನಗೆಂದು ಇಟ್ಟುಕೊಂಡದ್ದು ಒಂದು ಗಿಡ. ಆಯಿ ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಯಂತ್ರಗಳಿಗೆ ತಂಪು ಬೇಕೆಂದು ಅಲ್ಲಿ ಕಿಟಕಿ ತೆರೆಯುತ್ತಿರಲಿಲ್ಲ, ಬಿಸಿಲು ಬರುತ್ತಿರಲಿಲ್ಲ. ಅಂಥಲ್ಲೂ ಬದುಕುವ ಗಿಡ ಎಂದು, ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರ ಹೆಂಡತಿ ತಮ್ಮ ಕುಂಡದಿಂದ ಒಂದು ಬುಡ ಒಡೆದು ಕೊಟ್ಟಿದ್ದರಂತೆ. ದಟ್ಟ ಹಸಿರು ಎಲೆ, ನಡುವೆ ಹಾವು ಹೆಡೆ ಎತ್ತಿದ ಹಾಗೆ ಒಂದೇ ಬಿಳಿ ಎಸಳು. ನರ್ಸರಿಯವರು ಅದಕ್ಕೆ ಪೀಸ್ ಲಿಲಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಮಗೆ ಅದು ಹೆಡೆ ಹೂವು. ನಿವೃತ್ತಿಯಾದ ದಿನ ಆಯಿ ಸನ್ಮಾನದ ಶಾಲನ್ನು ಅಲ್ಲೇ ಮರೆತು, ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಮನೆಗೆ ಬಂದಳು. ಇದನ್ನು ನಾನು ಕಂಡೆನೋ, ಅಕ್ಕ ಹೇಳಿದ್ದನ್ನು ಕಂಡ ಹಾಗೆ ಮಾಡಿಕೊಂಡೆನೋ, ಈಗ ಬಿಡಿಸಿ ಹೇಳಲು ಬರುವುದಿಲ್ಲ.

ಅಕ್ಕನ ಮನೆ ಹೊನ್ನಾವರದಲ್ಲಿ, ಒಂದು ಕಟ್ಟಡದ ಎರಡನೆಯ ಮಹಡಿ. ಭಾವ ಮಸ್ಕತ್ತಿನಲ್ಲಿ ಅಕೌಂಟೆಂಟ್. ಆ ಮಳೆಗಾಲ ಅವಳು ಅಲ್ಲಿಗೆ ಹೋಗಿ ಇರುವುದೆಂದಾಯಿತು.

“ಬಾಗ್ಲು ಹಾಕಿಟ್ರೆ ಮನೆಯೆಲ್ಲ ಬೂಷ್ಟು ಹಿಡಿತು ಕೂಸೆ. ನೀ ಇಲ್ಲೇ ಉಳ್ಕ, ಬಸ್ಸಲ್ಲಿ ಓಡಾಡು,” ಎಂದಳು.

ಗ್ಯಾಸು, ಇನ್ವರ್ಟರು, ಕಿಟಕಿಯ ಸಡಿಲ ಚಿಲಕ, ಎಲ್ಲ ತೋರಿಸಿದ ಮೇಲೆ ಹಜಾರದ ಕಿಟಕಿಯ ಬಳಿ ಕುಂಡದ ಮುಂದೆ ನಿಂತಳು.

“ಬೇರೆ ಎಂತ ಹಾಳಾದ್ರೂ ಅಡ್ಡಿಲ್ಲೆ. ಇದೊಂದು ಜೋಪಾನ. ಬಂದ್ಮೇಲೆ ಬುಡ ಒಡೆದು ನಿಂಗೂ ಒಂದು ಕೊಡ್ತೆ.”

“ನೀರು ಯಾವಾಗ ಹಾಕವು?”

“ಬಾಡಿದ್ರೆ ಹಾಕು. ಅದೇ ಹೇಳ್ತು.”

ನಾನು ಆ ಮನೆಯಲ್ಲಿ ಉಳಿಯಲು ಒಪ್ಪಿದ್ದು ಮನೆಗಾಗಿ ಅಲ್ಲ, ಆ ಬುಡಕ್ಕಾಗಿ. ಆಯಿ ಮುಟ್ಟಿದ್ದು, ಇನ್ನೂ ಜೀವವಿರುವುದು, ಅದೊಂದೇ.

ಮಳೆ ಹಿಡಿಯಿತು. ಬೆಳಿಗ್ಗೆ ಬಸ್ಸು ಶರಾವತಿ ಸೇತುವೆ ದಾಟುವಾಗ ಹೊಳೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಕಾಸರಕೋಡಿನಲ್ಲಿ ದೋಣಿಗಳನ್ನು ದಡಕ್ಕೆಳೆದು ನೀಲಿ ತಾಡಪಾಲು ಹೊದಿಸಿದ್ದರು. ಭಟ್ಕಳದಲ್ಲಿ ಇಳಿದರೆ ಒದ್ದೆ ಕೊಡೆ, ಒದ್ದೆ ಸೀರೆ ಅಂಚು, ಮುಂದಿನ ಎರಡು ಬೆಂಚು ತುಂಬದ ತರಗತಿ. ಸಂಜೆ ವಾಪಸು ಬಂದು ಬೀಗ ತೆಗೆದರೆ ನಾನು ಬೆಳಿಗ್ಗೆ ಮಡಚಿಟ್ಟ ಪೇಪರು ಮಡಚಿದಂತೆಯೇ ಇರುತ್ತಿತ್ತು. ಇದನ್ನು ದುಃಖ ಎಂದು ಆಗ ಕರೆದಿರಲಿಲ್ಲ. ಕಾಲೇಜಿನಲ್ಲಿ ಪುಸ್ತಕದ ಕನ್ನಡ, ಬಸ್ಸಿನಲ್ಲಿ ಅರೆಬರೆ ಕೊಂಕಣಿ, ಮನೆಯಲ್ಲಿ ಮಾತೇ ಇಲ್ಲ. ಒಂದು ದಿನ ಫೋನಿನಲ್ಲಿ ಅಕ್ಕನಿಗೆ ನಮ್ಮ ಮನೆಮಾತಿನ ‘ಇಲ್ಲೆ’ ಎನ್ನುವ ಬದಲು ‘ಇಲ್ಲ’ ಎಂದುಬಿಟ್ಟೆ. “ಯಾರತ್ರ ಮಾತಾಡ್ತಿದ್ದೆ ಮಾರಾಯ್ತಿ, ಪ್ರಿನ್ಸಿಪಾಲರತ್ರವಾ?” ಎಂದು ನಕ್ಕಳು. ಆಯಿ ಎನ್ನುವ ಪದವನ್ನು ಯಾರ ಎದುರಿಗೆ ಆಡಿದರೆ ವಿವರಿಸಬೇಕಾಗಿಲ್ಲವೋ, ಅಂಥವಳು ಅವಳೊಬ್ಬಳೇ ಉಳಿದಿದ್ದಳು.

ಆರಿದ್ರಾ ಮಳೆಯ ನಡುವೆ ಒಂದು ಸಂಜೆ ಗಿಡ ಪೂರ್ತಿ ಮಲಗಿಬಿಟ್ಟಿತ್ತು. ಎಲೆ ಮುಟ್ಟಿದರೆ ಕಾಗದದ ಹಾಗೆ. ನನಗೆ ಮೊದಲು ಹೊಳೆದದ್ದು ರೋಗ. ಆಮೇಲೆ ಗಾಳಿ. ಆಮೇಲೆ ಹಲ್ಲಿ. ನೀರು ಎಂದು ಹೊಳೆಯಲೇ ಇಲ್ಲ. ನಮ್ಮ ಕಡೆಯಲ್ಲಿ ಹುಟ್ಟಿದವರಿಗೆ ಅದು ಹೊಳೆಯುವುದೂ ಇಲ್ಲ. ಮಳೆ ಹಿಡಿಯಿತೆಂದರೆ ನೀರು ಹಾಕುವ ಕೆಲಸ ಮುಗಿಯಿತು. ಕೊಡ, ಪೈಪು ಎಲ್ಲ ಮೂಲೆಗೆ. ಮತ್ತೆ ಅವು ಹೊರಗೆ ಬರುವುದು ದೀಪಾವಳಿ ಕಳೆದ ಮೇಲೆ. ಗೋಡೆಯಲ್ಲಿ ನೀರು ಜಿನುಗುವಾಗ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ಕರಗುವಾಗ, ಕಿಟಕಿಯಿಂದ ಒಂದು ಅಡಿ ಈಚೆ ಒಂದು ಜೀವ ನೀರಿಲ್ಲದೆ ಒಣಗುತ್ತಿದೆ ಎಂದು ನಂಬಲು ನಾನು ಮಣ್ಣಿಗೆ ಬೆರಳು ಹಾಕಬೇಕಾಯಿತು. ಬೆರಳಿಗೆ ಪುಡಿ ಹತ್ತಿತು.

ಮಗ್ಗಿನಲ್ಲಿ ನೀರು ಹೊಯ್ಯುತ್ತಿರುವಾಗ ಮೋಹಿನಿ ಬಾಯಿ ಪತ್ರೊಡೆಯ ತಟ್ಟೆ ಹಿಡಿದು ಬಂದರು. ಗಂಡ ತೀರಿಕೊಂಡ ಮೇಲೆ ಅವರೂ ಒಬ್ಬರೇ. ಆದರೆ ಒಬ್ಬರೇ ಇರುವುದನ್ನು ಅವರು ನನಗಿಂತ ಗದ್ದಲದಿಂದ ಮಾಡುತ್ತಿದ್ದರು.

“ಎಂತ ಟೀಚರೇ, ಹೊರಗೆ ಅಷ್ಟು ಹೊಯ್ತಾ ಉಂಟು, ನೀವು ಒಳಗೆ ಮಗ್ಗಲ್ಲಿ ಹೊಯ್ತೀರಿ. ದೇವರಿಗೆ ಕೈ ಸಾಲಲಿಲ್ಲವಾ?”

“ಇದು ಒಳಗಿದೆಯಲ್ಲ ಬಾಯಿ, ಇದಕ್ಕೆ ಮಳೆ ಬರೂದಿಲ್ಲ.”

ಅವರು ಸ್ವಲ್ಪ ಯೋಚಿಸಿದರು. “ಹೌದು ನೋಡಿ. ನಮಗೂ ಬರೂದಿಲ್ಲ,” ಎಂದು ತಟ್ಟೆ ಇಟ್ಟು ಹೋದರು.

ಮರುದಿನ ಬೆಳಿಗ್ಗೆ ಎಲೆಗಳು ಎದ್ದು ನಿಂತಿದ್ದವು. ಆ ಸಂತೋಷವೇ ಮುಂದಿನ ತೊಂದರೆಗೆ ಕಾರಣವಾಯಿತು ಎಂದು ಈಗ ಅನಿಸುತ್ತದೆ. ದಿನಾ ನೀರು ಹಾಕತೊಡಗಿದೆ. ಬಾಡುವವರೆಗೆ ಕಾಯಲು ಮನಸ್ಸು ಬರಲಿಲ್ಲ. ಅಕ್ಕ ವಿಡಿಯೊ ಕರೆ ಮಾಡಿದಾಗಲೆಲ್ಲ ಮೊದಲು ಗಿಡ.

“ಹತ್ರ ಹಿಡಿ. ನಿನ್ನ ಮುಖ ಆಮೇಲೆ ನೋಡ್ತೆ, ಎಲೆ ತೋರ್ಸು.”

ಆಶ್ಲೇಷಾ ಮಳೆಯ ಹೊತ್ತಿಗೆ ಅದು ಮತ್ತೆ ಬಾಗಿತು. ಈ ಸಲ ಎಲೆ ಕಾಗದದಂತಿರಲಿಲ್ಲ, ಮೆತ್ತಗೆ, ಹಳದಿ, ತೊಟ್ಟಿನ ಬಳಿ ಕಂದು. ಫೋಟೋ ಕಳಿಸಿದೆ. “ನೀರು ಸಾಲ್ದು ಕಾಣ್ತು, ಇನ್ನೂ ಸ್ವಲ್ಪ ಹಾಕು,” ಎಂದಳು ಅಕ್ಕ. ಹಾಕಿದೆ. ಏಳಲಿಲ್ಲ. ಇನ್ನೂ ಹಾಕಿದೆ. ಕ್ಲಾಸಿನಲ್ಲಿ ವಿಜಯನಗರದ ಪತನ ಹೇಳುತ್ತ ನನ್ನ ತಲೆಯಲ್ಲಿ ಆ ಕುಂಡವೇ ಇರುತ್ತಿತ್ತು. ಅಕ್ಕ ಬರುವಷ್ಟರಲ್ಲಿ ಇದು ಸತ್ತರೆ ಏನು ಹೇಳಲಿ? ಆಯಿಯನ್ನು ಕಡೆಗೆ ನೋಡಿಕೊಂಡವಳು ಅವಳು. ಗಿಡವನ್ನಾದರೂ ನಾನು ನೋಡಿಕೊಳ್ಳಬೇಡವೇ?

ಕಾಲೇಜಿನ ಲೈಬ್ರರಿಯ ನಾಝಿಯಾಗೆ ಫೋಟೋ ತೋರಿಸಿದೆ. ಅವಳ ಗಂಡ ದುಬೈನಲ್ಲಿ. ಭಟ್ಕಳದ ಮನೆಯ ಹಜಾರದ ತುಂಬ ಅವಳ ಕುಂಡಗಳು.

“ಫೋಟೋದಲ್ಲಿ ಎರಡೂ ಒಂದೇ ಥರ ಕಾಣ್ತದೆ ಮೇಡಂ, ನೀರಿಲ್ಲದ್ದೂ ನೀರು ಹೆಚ್ಚಾದದ್ದೂ. ಕುಂಡ ಎತ್ತಿ ನೋಡಿದ್ರಾ?”

“ಎತ್ತಿ ಎಂತ ನೋಡೂದು?”

“ಹಗುರ ಇದ್ರೆ ನೀರು ಬೇಕು. ಭಾರ ಇದ್ದೂ ಬಾಡಿದ್ರೆ ಬೇರು ಕೊಳ್ತಿದೆ ಅಂತ. ಕೊಳೆತ ಬೇರಿಗೆ ಕುಡಿಲಿಕ್ಕೆ ಬರೂದಿಲ್ಲ. ನೀರಲ್ಲಿ ನಿಂತ್ಕೊಂಡೇ ಬಾಯಾರೂದು.” ಆಮೇಲೆ ನಕ್ಕಳು. “ನಾನೇನು ಪಂಡಿತೆ ಅಲ್ಲ ಮೇಡಂ. ಸುಮಾರು ಕೊಂದೇ ಕಲ್ತದ್ದು. ಗಂಡ ಕೇಳಿದ್ರೆ ಎಲ್ಲ ಚೆನ್ನಾಗಿದೆ ಅಂತೇನೆ.”

ಕುಂಡ ಭಾರವಿತ್ತು. ನೀರು ನಿಲ್ಲಿಸಿದೆ. ಗೇಣುದ್ದದ ಊದುಬತ್ತಿ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆದು ನೋಡುವುದು ಅಭ್ಯಾಸವಾಯಿತು. ಅಂಚಿನಲ್ಲಿ ಚುಚ್ಚಿದರೆ ಕೆಸರು ಹತ್ತಿ ಬರುತ್ತಿತ್ತು. ನಡುವೆ, ಗಿಡದ ಬುಡಕ್ಕೆ ತಾಗಿದಂತೆ ಚುಚ್ಚಿದರೆ ಏನೋ ತಡೆದು, ಕಡ್ಡಿ ಒಣಗಿಯೇ ಬರುತ್ತಿತ್ತು. ಒಂದೇ ಕುಂಡದಲ್ಲಿ ಕೊಳೆತವೂ ಬರವೂ ಹೇಗಿರಲು ಸಾಧ್ಯ? ನಾಝಿಯಾಗೂ ಇದು ತಿಳಿಯಲಿಲ್ಲ. “ಬಿಡಿಸಿ ನೋಡಿ ಮೇಡಂ. ಹೇಗೂ ಹೋಗ್ತಾ ಉಂಟು,” ಎಂದಳು.

ಒಂದು ಭಾನುವಾರ ಬೆಳಿಗ್ಗೆ ಬಚ್ಚಲಿನ ನೆಲಕ್ಕೆ ಪೇಪರು ಹಾಸಿ ಕುಂಡವನ್ನು ಮಗುಚಿದೆ. ಹೊರಗಿನ ಬೇರುಗಳು ಕಪ್ಪಾಗಿದ್ದವು. ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಅದೇ ಹುಳಿ ವಾಸನೆ. ತೊಳೆಯುತ್ತ ಹೋದಂತೆ ನಡುವೆ ಬಟ್ಟಲಿನಷ್ಟು ದೊಡ್ಡ ಗಟ್ಟಿ ಉಂಡೆಯೊಂದು ಸಿಕ್ಕಿತು. ಸುತ್ತ ಬಿಳಿ ಬಲೆ. ಮೊದಲು ಬೂಷ್ಟು ಎಂದುಕೊಂಡೆ. ಉಗುರಿಗೆ ಹರಿಯಲಿಲ್ಲ. ಪ್ಲಾಸ್ಟಿಕ್ ಬಲೆ. ಕತ್ತರಿ ತಂದು ಕತ್ತರಿಸಿದೆ. ಒಳಗೆ ತೆಂಗಿನ ನಾರಿನ ಪುಡಿಯಂಥದ್ದು, ನಸ್ಯದ ಹಾಗೆ ಒಣಗಿತ್ತು. ಅದರ ಮೇಲೆ ನೀರು ಬಿಟ್ಟರೆ ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋಯಿತು. ನಾನು ಹಾಕಿದ ನೀರೆಲ್ಲ ಈ ಉಂಡೆಯನ್ನು ಬಳಸಿಕೊಂಡು ಸುತ್ತಲಿನ ಮಣ್ಣಿಗೆ ಹೋಗಿ ನಿಂತಿತ್ತು. ಹೊರಗಿನ ಬೇರು ನೀರಿನಿಂದ ಸತ್ತಿತ್ತು, ಒಳಗಿನದು ನೀರಿಲ್ಲದೆ.

ಕಾರಣ ಸಿಕ್ಕಿತು ಎಂದು ನಿಜಕ್ಕೂ ಖುಷಿಪಟ್ಟೆ. ಉಂಡೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ, ಸತ್ತ ಬೇರು ತೆಗೆದೆ, ಹೊಸ ಮಣ್ಣಿಗೆ ಮರಳು ಬೆರೆಸಿ ನೆಟ್ಟೆ. ಬಲೆಯ ಫೋಟೋ ತೆಗೆದುಕೊಂಡೆ. ಅದು ಏನು ಹೇಳುತ್ತಿದೆ ಎಂದು ಕೇಳಿಕೊಳ್ಳಲೇ ಇಲ್ಲ. ಇತಿಹಾಸ ಕಲಿಸುವವಳು.

ಸೋಮವಾರ ನಾಝಿಯಾ ಫೋಟೋ ನೋಡಿ, “ಓ, ಇದಾ. ನರ್ಸರಿಯವರು ಹಾಕೂದು ಮೇಡಂ. ಲ್ಯಾಬಲ್ಲಿ ಮಾಡಿದ ಸಣ್ಣ ಸಣ್ಣ ಸಸಿ ಬರ್ತದಲ್ಲ, ಅದನ್ನ ಈ ಬಲೆಯಲ್ಲೇ ಬೆಳೆಸೂದು. ನಾವು ತಂದು ನೆಡುವಾಗ ತೆಗೀಬೇಕು, ಯಾರೂ ತೆಗೆಯೂದಿಲ್ಲ. ಎಲ್ಲಿಂದ ತಂದದ್ದು?” ಎಂದಳು.

“ತಂದದ್ದಲ್ಲ. ನಮ್ಮ ಆಯಿಯದು. ಅವಳಿಗೆ ಬೇರೆಯವರು ಒಡೆದು ಕೊಟ್ಟ ಬುಡ.”

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಸ್ವಲ್ಪ ಹೊತ್ತು ಪುಸ್ತಕಗಳನ್ನು ಸರಿಮಾಡಿದಳು. “ಹಾಗಾದ್ರೆ ನಿಮ್ಮ ತಾಯಿಯೇ ನರ್ಸರಿಯಿಂದ ತಂದಿರ್ಬೇಕು ಬಿಡಿ,” ಎಂದಳು. ಹಾಗೆ ಹೇಳಿದ್ದು ನನ್ನ ಮೇಲಿನ ಕರುಣೆಯಿಂದ ಎಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸಿನಲ್ಲಿ ಲೆಕ್ಕ ಹಾಕುತ್ತ ಬಂದೆ. ಬುಡ ಒಡೆದು ನೆಟ್ಟ ಗಿಡದ ನಡುವೆ ನರ್ಸರಿಯ ಬಲೆ ಇಡಿಯಾಗಿ ಇರಲಾರದು. ಸಾಹೇಬರ ಹೆಂಡತಿ ಕೊಟ್ಟದ್ದು ಎನ್ನುವುದೇ ಸುಳ್ಳು ನೆನಪೇ? ಆಯಿ ಮುಂದೆ ಎಂದೋ ಪೇಟೆಯಿಂದ ಇನ್ನೊಂದು ತಂದಳೇ? ಇರಬಹುದು. ಆದರೆ ಸರಳವಾದ ಉತ್ತರ ಬೇರೆಯೇ ಇತ್ತು. ಆಯಿಯ ಗಿಡ ಅಕ್ಕನ ಮನೆಯಲ್ಲಿ ಎಂದೋ ಸತ್ತಿತ್ತು. ಅಕ್ಕ ಅಂಥದ್ದೇ ಇನ್ನೊಂದು ತಂದು, ಅದೇ ಕುಂಡದಲ್ಲಿ, ಅದೇ ಕಿಟಕಿಯ ಬಳಿ ಇಟ್ಟಿದ್ದಳು. ನನಗೆ ಒಡೆದು ಕೊಡುತ್ತೇನೆ ಎಂದದ್ದು ಇದನ್ನೇ.

ಆ ವಾರ ನಾನು ಆ ಗಿಡವನ್ನು ನೋಡಲಿಲ್ಲ. ಮನೆಯಲ್ಲಿ ಯಾರೋ ಅಪರಿಚಿತರು ಬಂದು ಕುಳಿತ ಹಾಗೆ, ಅದರ ಪಕ್ಕದಲ್ಲಿ ಹಾದು ಅಡಿಗೆಮನೆಗೆ ಹೋಗುತ್ತಿದ್ದೆ. ಅಕ್ಕ ಕರೆ ಮಾಡಿದಾಗ ನೆಟ್‌ವರ್ಕ್ ಸರಿಯಿಲ್ಲ ಎಂದೆ. ಸಿಟ್ಟೇ ಎಂದು ನನ್ನನ್ನೇ ಕೇಳಿಕೊಂಡೆ. ಸಿಟ್ಟಲ್ಲ. ಆಯಿ ಇನ್ನೊಮ್ಮೆ ಹೋಗಿದ್ದಳು, ಮತ್ತು ಈ ಸಲವೂ ನನಗೆ ತಡವಾಗಿ ತಿಳಿದಿತ್ತು. ಆದರೂ ಹೊಸ ಎಲೆಯೊಂದು ಸುರುಳಿ ಸುತ್ತಿಕೊಂಡು ಮೇಲೆ ಬಂದದ್ದು ಕಣ್ಣಿಗೆ ಬಿದ್ದ ದಿನ, ಕೈತೊಳೆಯದೆ ಹೋಗಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಯಾರ ಗಿಡವಾದರೂ, ಬದುಕಿಸಿದ್ದು ಬದುಕುತ್ತಿತ್ತು. ಆಮೇಲೆ ಕುಂಡ ಎತ್ತಿ ನೋಡಿ, ಹಗುರವಿದ್ದರೆ ಮಾತ್ರ ನೀರು ಹಾಕಿದೆ.

ಅಕ್ಕ ನವರಾತ್ರಿಗೆ ಮೊದಲು ಬಂದಳು. ಚೀಲ ಇಳಿಸುವ ಮೊದಲೇ ಕಿಟಕಿಯ ಬಳಿ ಹೋದಳು.

“ಚೊಲೋ ಆಜು ಕೂಸೆ,” ಎಂದು ಮೆಚ್ಚಿಕೊಂಡಳು. ಮರುದಿನ ತಾನಾಗಿಯೇ ಕುಂಡವನ್ನು ಬಚ್ಚಲಿಗೆ ಒಯ್ದು ಬುಡ ಒಡೆಯಲು ಕುಳಿತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳ ಬೆರಳು ಮಣ್ಣಿನ ನಡುವೆ ಹೋಗಿ ಏನನ್ನೋ ಹುಡುಕಿ, ಸಿಗದೆ, ನಿಂತಿತು.

“ಮಣ್ಣು ಬದಲು ಮಾಡಿದ್ಯ?”

“ಮಾಡಿದ್ದೆ. ಬೇರು ಕೊಳೆತಿತ್ತು.”

“ಬೇರೆಲ್ಲ ಬಿಡಿಸಿ ನೋಡಿದ್ಯ?”

“ನೋಡಿದ್ದೆ.”

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಚಾಕುವಿನಿಂದ ಬುಡವನ್ನು ಸೀಳಿ, ಹೊಸ ಎಲೆಯಿದ್ದ ದೊಡ್ಡ ಭಾಗವನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಸಣ್ಣದನ್ನು ತನಗಿಟ್ಟುಕೊಂಡಳು. “ಆತು,” ಎಂದಳು.

ನಾನು ಭಟ್ಕಳದ ಬಾಡಿಗೆ ಮನೆಗೆ ಮರಳಿದೆ. ಆ ಗಿಡ ಈಗ ನನ್ನ ಓದುವ ಮೇಜಿನ ಬಳಿ ಇದೆ, ಹೂವೂ ಬಿಡುತ್ತದೆ. ಬಂದವರು ಯಾವ ಗಿಡ ಎಂದರೆ ಹೆಡೆ ಹೂವು ಎನ್ನುತ್ತೇನೆ. ನಮ್ಮ ಆಯಿಯದು ಎಂದು ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ.

ಈ ನಡುವೆ ಇನ್ನೊಂದು ನೆನಪು ಬಂದು ಸೇರಿಕೊಂಡಿದೆ. ನಾನು ಧಾರವಾಡದಲ್ಲಿದ್ದಾಗ, ಆಯಿ ಹೋಗಿ ಒಂದು ವರ್ಷ ಆಗಿತ್ತೋ ಇಲ್ಲವೋ, ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ದಳು. “ಕ್ಲಾಸ್ ಇದ್ದಾ?” ಎಂದು ಕೇಳಿದಳು. ಇದೆ ಎಂದೆ. “ಹಂಗಾದ್ರೆ ಇರ್ಲಿ, ಎಂತ ಇಲ್ಲೆ,” ಎಂದು ಇಟ್ಟಳು. ಅದು ಆ ಗಿಡ ಸತ್ತ ದಿನವೇ ಆಗಿರಬೇಕಾಗಿಲ್ಲ. ಅಂಥ ಕರೆ ಬಂದೇ ಇರದಿರಬಹುದು, ಈಗ ಬೇಕೆಂದು ನಾನು ಕಟ್ಟಿಕೊಂಡಿರಬಹುದು. ಆದರೆ ಎಂದೋ ಒಂದು ದಿನ ಅವಳು ಆ ಕಿಟಕಿಯ ಬಳಿ ಒಬ್ಬಳೇ ನಿಂತು, ಎಷ್ಟು ನೀರು ಹಾಕಿದರೂ ಏಳದ ಎಲೆಗಳನ್ನು ನೋಡಿರಲೇಬೇಕು. ನರ್ಸರಿಗೆ ಒಬ್ಬಳೇ ಹೋಗಿ, ಸಾಲಿನಲ್ಲಿಟ್ಟ ಕುಂಡಗಳಲ್ಲಿ ಯಾವುದು ಹೆಚ್ಚು ಹೋಲುತ್ತದೆ ಎಂದು ಹುಡುಕಿರಬೇಕು.

ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದ ಆ ಶನಿವಾರ ಹೊನ್ನಾವರಕ್ಕೆ ಹೋದೆ. ಅಕ್ಕ ಸೌತೆಕಾಯಿ ಹೆಚ್ಚುತ್ತಿದ್ದಳು. ನಾನು ಒಂದೇ ಮಾತು ಕೇಳಿದೆ. ಅವಳು ಹೆಚ್ಚುತ್ತ ಹೋದಳು, ಕಾಯಿ ಮುಗಿಯುವವರೆಗೂ, ಮುಗಿದ ಮೇಲೂ ಮಣೆ ಒರೆಸುತ್ತ. ನಾವು ಊಟ ಮಾಡಿದೆವು, ನಾನು ಬಸ್ಸು ಹತ್ತಿದೆ, ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಬೇರೆ ವಿಷಯ. ಇದು ಆಯಿಯ ಗಿಡ ಹೌದೋ ಅಲ್ಲವೋ ಎಂದು ನಾನು ಕೇಳಿರಲಿಲ್ಲ. ಕೇಳಿದ್ದು ಇಷ್ಟೇ:

“ಅಕ್ಕ, ಆಯಿ ಗಿಡ ಸತ್ತ ದಿನ ನೀ ಯಾರತ್ರ ಹೇಳ್ಕಂಡೆ?”